ಅವಳ ನಕಾಶೆಯಲ್ಲಿ ಹಸಿರಾಗಿದ್ದ ಜಾಗ

ಆ ಕೆಲಸ ನನಗೇ ಬರುತ್ತದೆ ಎಂದು ನಾನು ಎಷ್ಟು ಗಟ್ಟಿಯಾಗಿ ನಂಬಿದ್ದೆನೆಂದರೆ, ಮ್ಯಾನೇಜರ್ ಕರೆದ ಮೀಟಿಂಗಿಗೆ ಹೋಗುವ ಮುಂಚೆಯೇ ಐಸ್ ಬಾಕ್ಸುಗಳನ್ನೆಲ್ಲ ತೊಳೆಸಿ ಟೆರೇಸಿನ ಬಿಸಿಲಿಗೆ ಒಣಗಲು ಇಡಿಸಿದ್ದೆ.

ನಮ್ಮದು ಪೀಣ್ಯದಲ್ಲಿರುವ ನೀರು ಪರೀಕ್ಷೆಯ ಖಾಸಗಿ ಲ್ಯಾಬು. ಆ ಬೇಸಿಗೆಯಲ್ಲಿ ಊರ ಹೊರಸುತ್ತಿನ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಡುತ್ತಿದ್ದವು. ಎಲೆಕ್ಟ್ರಾನಿಕ್ ಸಿಟಿಯಿಂದ ಚಂದಾಪುರದ ಆಚೆಯವರೆಗೆ ಹಬ್ಬಿಕೊಂಡಿರುವ ಕಾರ್ಖಾನೆಗಳ ಒಂದು ಒಕ್ಕೂಟ ನಮ್ಮ ಬಳಿಗೆ ಬಂದಿತ್ತು. ಅವರ ಕೆಲಸಗಾರರು ಬಾಡಿಗೆಗಿರುವ ವಠಾರಗಳಿಗೆ ಒಕ್ಕೂಟವೇ ಕುಡಿಯುವ ನೀರಿನ ಕ್ಯಾನು ಕಳಿಸುತ್ತಿತ್ತು. ಈಗ ಕ್ಯಾನು ತುಂಬಿಸುವವರಿಗೇ ನೀರು ಸಾಲುತ್ತಿರಲಿಲ್ಲ. ಆ ಭಾಗದ ಯಾವ ಯಾವ ಬೋರ್‌ವೆಲ್‌ನಲ್ಲಿ ಇನ್ನೂ ನೀರಿದೆ, ಅವುಗಳಲ್ಲಿ ಯಾವುದನ್ನು ನೇರವಾಗಿ ಕುಡಿಯಬಹುದು, ಎಲ್ಲಿ ಶುದ್ಧೀಕರಣ ಘಟಕ ಹಾಕಲೇಬೇಕು ಎಂಬುದು ಅವರಿಗೆ ಬೇಗ ಗೊತ್ತಾಗಬೇಕಿತ್ತು.

ಹೊಸೂರು ರಸ್ತೆಯ ಎರಡೂ ಮಗ್ಗುಲಲ್ಲಿ ವರ್ಷಗಟ್ಟಲೆ ಸ್ಯಾಂಪಲ್ ಎತ್ತಿದವಳು ನಾನು. ಮೀಟಿಂಗಿನಲ್ಲಿ ನನ್ನ ಯೋಜನೆ ಹೇಳಿದೆ. ಎರಡು ತಂಡ, ಒಂದು ಗಾಡಿ, ಪ್ರತಿ ವಠಾರಕ್ಕೂ ಹೋಗಿ ಬಾಟಲಿ ತುಂಬಿ ತರುವುದು.

"ಅಷ್ಟೂ ಮುಗಿಯೋಷ್ಟರಲ್ಲಿ ಮಳೆಗಾಲ ಬಂದಿರತ್ತೆ," ಎಂದಳು ಎದುರಿಗೆ ಕೂತಿದ್ದ ನನ್ನ ಗೆಳತಿ. ಅವಳು ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದಳು. "ಮೊದಲು ಸರ್ಕಾರದ ಡೇಟಾ ನೋಡೋಣ. ಅಂತರ್ಜಲದ ವೀಕ್ಷಣಾ ಬಾವಿಗಳ ಮಟ್ಟ ಇದೆ, ಹಳ್ಳಿವಾರು ನೀರಿನ ಗುಣಮಟ್ಟದ ವರದಿ ಇದೆ, ಮಳೆ ಮಾಪನದ್ದಿದೆ. ಎಲ್ಲಾ ಸಾರ್ವಜನಿಕವಾಗೇ ಇದೆ, ಯಾರೂ ಒಟ್ಟಿಗೆ ಇಟ್ಟು ನೋಡಿಲ್ಲ ಅಷ್ಟೇ. ಅನುಮಾನ ಬಂದ ಜಾಗಕ್ಕೆ ಮಾತ್ರ ಸ್ಯಾಂಪಲ್‌ಗೆ ಹೋದ್ರಾಯ್ತು."

ಮ್ಯಾನೇಜರ್ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಅವರು ಹಾಗೆ ಸರಿದರೆ ತೀರ್ಮಾನವಾಯಿತು ಎಂದೇ ಅರ್ಥ. "ಮೇಡಂ, ನೀವೇ ಲೀಡ್ ಮಾಡಿ," ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿ, "ನೀವು ಸ್ವಲ್ಪ ಸಪೋರ್ಟ್ ಮಾಡಿ," ಎಂದರು.

ಸಪೋರ್ಟ್! ಹೊರಗೆ ಬಂದು ಟೆರೇಸಿಗೆ ಹೋಗಿ ಐಸ್ ಬಾಕ್ಸುಗಳನ್ನು ನಾನೇ ಒಳಗೆ ಹೊತ್ತು ತಂದೆ.

ಅವಳ ಬಗ್ಗೆ ಒಂದು ಮಾತು ಹೇಳಬೇಕು. ಎಂಎಸ್ಸಿಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು, ಒಂದೇ ಲ್ಯಾಬಿಗೆ ಒಟ್ಟಿಗೇ ಸೇರಿದವರು. ನಡುವೆ ಅವಳು ಕೆಲಸ ಬಿಟ್ಟು ಅಂಕಿಅಂಶ ವಿಶ್ಲೇಷಣೆ ಕಲಿಯಲು ಹೋದಳು. ತಿರುಗಿ ಬಂದಾಗ ಅವಳಿಗೆ ಗಾಜಿನ ಕೋಣೆ, ಎರಡು ಪರದೆಯ ಕಂಪ್ಯೂಟರು. ನನಗೆ ಅದೇ ಆಸಿಡ್ ಬಿದ್ದು ತೂತಾದ ಏಪ್ರನ್ನು. ಇಷ್ಟಾದರೂ ಮಧ್ಯಾಹ್ನದ ಊಟ ನಾವು ಒಟ್ಟಿಗೇ ಮಾಡುತ್ತಿದ್ದೆವು. ಅವಳು ತನ್ನ ಡಬ್ಬಿಯ ಅರ್ಧವನ್ನು ಕೇಳದೆಯೇ ನನ್ನ ಮುಚ್ಚಳಕ್ಕೆ ಹಾಕುತ್ತಿದ್ದಳು. ಅವಳಲ್ಲಿ ಒಂದಾದರೂ ಕೆಟ್ಟ ಗುಣವಿದ್ದಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಹೊಟ್ಟೆಕಿಚ್ಚು ಪಡಲು ಅವಳು ಒಂದು ಸರಿಯಾದ ನೆಪವನ್ನೂ ಕೊಡುತ್ತಿರಲಿಲ್ಲ.

ಮೊದಲ ವಾರಗಳು ಫೈಲುಗಳನ್ನು ಇಳಿಸಿಕೊಳ್ಳುವುದರಲ್ಲೇ ಹೋದವು. ಸಾರ್ವಜನಿಕ ದತ್ತಾಂಶ ಎಂದರೆ ತಟ್ಟೆಯಲ್ಲಿ ಬಡಿಸಿದ ಊಟ ಎಂದು ನಾನು ಭಾವಿಸಿದ್ದೆ. ಹಾಗಿರಲಿಲ್ಲ. ಒಂದು ಇಲಾಖೆಯದು ಸಾಲುಸಾಲಾದ ಕೋಷ್ಟಕ, ಇನ್ನೊಂದರದು ಸ್ಕ್ಯಾನ್ ಮಾಡಿದ ಪುಟ. ಒಬ್ಬರು ತಾಲ್ಲೂಕಿನ ಲೆಕ್ಕ ಇಟ್ಟರೆ ಮತ್ತೊಬ್ಬರು ವಾರ್ಡಿನ ಲೆಕ್ಕ ಇಟ್ಟಿದ್ದರು. ಕನ್ನಡದ ಊರ ಹೆಸರುಗಳು ಇಂಗ್ಲಿಷಿನಲ್ಲಿ ಬರೆಯಿಸಿಕೊಂಡು ಒಂದೊಂದು ಫೈಲಿನಲ್ಲಿ ಒಂದೊಂದು ವೇಷ ಹಾಕಿದ್ದವು. ದೊಡ್ಡನಾಗಮಂಗಲ ಒಂದು ಕಡೆ ಬರೀ ನಾಗಮಂಗಲವಾಗಿ ಮಂಡ್ಯ ಜಿಲ್ಲೆಗೆ ಹೋಗಿಬಿಟ್ಟಿತ್ತು. ಅಕ್ಷಾಂಶ ರೇಖಾಂಶ ಅದಲುಬದಲಾದ ಬಾವಿಯೊಂದು ನಕಾಶೆಯಲ್ಲಿ ಉತ್ತರ ಧ್ರುವದ ಹತ್ತಿರ ಸಮುದ್ರದಲ್ಲಿ ತೇಲುತ್ತಿತ್ತು.

"ನೋಡೇ, ನಮ್ಮ ಆನೇಕಲ್ ತಾಲ್ಲೂಕಿನ ಬಾವಿ ಎಲ್ಲಿ ಹೋಗಿದೆ," ಎಂದು ಅವಳು ನಕ್ಕಳು. ನಾನೂ ನಕ್ಕೆ.

ಊರಿನ ಹೆಸರು ಹೊಂದಿಸುವ ಕೆಲಸವನ್ನು ಅವಳು ನನಗೆ ಕೊಟ್ಟಳು. "ನೀನು ಅಲ್ಲೆಲ್ಲಾ ಓಡಾಡಿದೀಯ, ನಿನಗೆ ಗೊತ್ತಿರತ್ತೆ." ಗೊತ್ತಿತ್ತು. ಅವಳು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟೆ. ಕೇಳದಿದ್ದದ್ದನ್ನು ಹೇಳಲಿಲ್ಲ. ಯಾವ ವಠಾರದ ಬೋರ್‌ವೆಲ್ ಪಕ್ಕದಲ್ಲೇ ಶೌಚದ ಇಂಗುಗುಂಡಿ ಇದೆ, ಎಲ್ಲಿ ಕೆರೆಯ ಕೋಡಿ ಮುಚ್ಚಿ ಶೆಡ್ಡು ಕಟ್ಟಿದ್ದಾರೆ ಎಂಬುದು ಯಾವ ಕೋಷ್ಟಕದಲ್ಲೂ ಇರಲಿಲ್ಲ, ನನ್ನ ತಲೆಯಲ್ಲಿತ್ತು. ಕೇಳಿದರೆ ಹೇಳೋಣ ಎಂದುಕೊಂಡೆ. ಕೇಳಲು ಅವಳಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ.

ಅವಳು ಕೆಲಸ ಮಾಡುವ ಚಂದವನ್ನು ನೋಡುವುದೇ ಒಂದು ಸಂಕಟ. ಬಾವಿಗಳ ನೀರಿನ ಮಟ್ಟವನ್ನು ಮಳೆಯ ಜೊತೆ ಇಟ್ಟು ಒಂದು ಗೆರೆ ಎಳೆದಳು. ಎಲ್ಲಿ ಮಳೆ ಬಂದರೂ ನೀರು ಮೇಲೇರುವುದಿಲ್ಲ, ಎಲ್ಲಿ ಮೇಲೇರಿ ಬೇಗ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಒಂದೇ ನೋಟಕ್ಕೆ ಕಾಣುತ್ತಿತ್ತು. ನಾನು ಅದೇ ನೆಲದ ಮೇಲೆ ಅಷ್ಟು ವರ್ಷ ಓಡಾಡಿದ್ದೆ, ನನಗೆ ಕಂಡಿರಲಿಲ್ಲ. ಮ್ಯಾನೇಜರ್ ಬೇರೆ ವಿಭಾಗದವರನ್ನೂ ಕರೆತಂದು ತೋರಿಸಿದರು. ಒಕ್ಕೂಟದ ಕಾರ್ಯದರ್ಶಿ ನನ್ನ ಫೋನಿಗೆ ಕರೆ ಮಾಡಿ, "ಡೇಟಾ ಮೇಡಂ ಪಕ್ಕದಲ್ಲಿದಾರಾ?" ಎಂದು ಕೇಳತೊಡಗಿದರು. ಫೋನನ್ನು ಗಾಜಿನ ಕೋಣೆಗೆ ಒಯ್ದು ಕೊಟ್ಟು, ಮಾತು ಮುಗಿಯುವವರೆಗೆ ಬಾಗಿಲ ಬಳಿ ನಿಂತಿರುತ್ತಿದ್ದೆ.

ಕರಡು ನಕಾಶೆಯನ್ನು ಅವಳು ಒಂದು ಶುಕ್ರವಾರ ನನಗೆ ತೋರಿಸಿದಳು. ಕೆಂಪು ಎಂದರೆ ನೀರು ಕೆಟ್ಟಿದೆ, ಹಳದಿ ಎಂದರೆ ಶುದ್ಧೀಕರಿಸಿ ಬಳಸಬೇಕು, ಹಸಿರು ಎಂದರೆ ನೇರವಾಗಿ ಕುಡಿಯಬಹುದು. ಚಂದಾಪುರದ ಆಚೆ ಕಾರ್ಖಾನೆಗಳ ಬೆನ್ನಿಗೆ ಒತ್ತಿಕೊಂಡಿರುವ ವಠಾರಗಳ ಮೇಲೆ ಅಗಲವಾದ ಒಂದು ಹಸಿರು ಪಟ್ಟಿ ಇತ್ತು.

"ಇಲ್ಲಿ ಹಸಿರಾ?" ಎಂದೆ.

"ನನಗೂ ಆಶ್ಚರ್ಯ ಆಯ್ತು. ಹಿಂದಿನ ವರದಿಗಳಲ್ಲಿ ನೈಟ್ರೇಟ್ ಜಾಸ್ತಿನೇ ಇತ್ತು. ಹೊಸ ವರದಿಯಲ್ಲಿ ಸಕ್ಕತ್ ಇಳಿದಿದೆ. ಒಳಚರಂಡಿ ಲೈನ್ ಬಂತಲ್ಲ ಆ ಕಡೆ, ಅದರ ಪರಿಣಾಮ ಇರಬಹುದು."

"ಇರಬಹುದು," ಎಂದೆ.

ಒಳಚರಂಡಿಯ ಕೊಳವೆ ಮುಖ್ಯ ರಸ್ತೆಯಲ್ಲಿ ಬಂದಿತ್ತು, ವಠಾರಗಳೊಳಗೆ ಬಂದಿರಲಿಲ್ಲ. ಶೌಚದ ಗುಂಡಿಗಳಿಂದ ನೆಲದೊಳಗೆ ಇಳಿದ ನೈಟ್ರೇಟು ಕೊಳವೆ ಹಾಕಿದ ಮಾರನೆಯ ವರ್ಷ ಮಾಯವಾಗುವಂಥದ್ದೂ ಅಲ್ಲ. ಬಾಯಿ ತೆರೆದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಆ ಕ್ಷಣ ಅವಳ ಹಿಂದೆ ಮ್ಯಾನೇಜರ್ ನಿಂತಿದ್ದರು, "ಬ್ಯೂಟಿಫುಲ್" ಎನ್ನುತ್ತಿದ್ದರು. ನನ್ನ ಅನುಮಾನಕ್ಕೆ ಪುರಾವೆ ಇರಲಿಲ್ಲ. ಪುರಾವೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತೆ. ಅವಳು ಹಂಚಿಕೊಂಡಿದ್ದ ಕೋಷ್ಟಕ ನನ್ನಲ್ಲಿತ್ತು. ಪರದೆಯ ವಿದ್ಯೆ ನನಗೆ ಅಷ್ಟಾಗಿ ಬಾರದು, ಆದರೆ ನೀರಿನ ಲೆಕ್ಕ ಬರುತ್ತದೆ. ನೀರಿನಲ್ಲಿ ಕರಗಿದ ಲವಣಗಳದ್ದು ಒಂದು ತಕ್ಕಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮುಂತಾದ ಧನ ಅಂಶಗಳು ಒಂದು ತಟ್ಟೆಯಲ್ಲಿ, ಕ್ಲೋರೈಡು, ಸಲ್ಫೇಟು, ಬೈಕಾರ್ಬೊನೇಟು, ನೈಟ್ರೇಟು ಮುಂತಾದ ಋಣ ಅಂಶಗಳು ಇನ್ನೊಂದರಲ್ಲಿ. ಪರೀಕ್ಷೆ ಸರಿಯಾಗಿದ್ದರೆ ಎರಡೂ ಹೆಚ್ಚುಕಡಿಮೆ ಸಮ ತೂಗಬೇಕು. ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.

ಹಸಿರು ಪಟ್ಟಿಯ ಬಾವಿಗಳನ್ನು ಒಂದೊಂದಾಗಿ ತೂಗಿದೆ. ಪ್ರತಿ ಸಲವೂ ತಕ್ಕಡಿ ಒಂದೇ ಕಡೆಗೆ ವಾಲಿತು. ಋಣದ ತಟ್ಟೆಯಲ್ಲಿ ಏನೋ ಕಡಿಮೆ ಇತ್ತು.

ನೈಟ್ರೇಟನ್ನು ಬರೆಯಲು ಎರಡು ರೂಢಿಗಳಿವೆ. ಇಡೀ ನೈಟ್ರೇಟಿನ ತೂಕ ಬರೆಯುವುದು ಒಂದು. ಅದರೊಳಗಿನ ಸಾರಜನಕದ ತೂಕವನ್ನಷ್ಟೇ ಬರೆಯುವುದು ಇನ್ನೊಂದು. ನೀರು ಅದೇ, ಸಂಖ್ಯೆ ಮಾತ್ರ ಬೇರೆ. ಮೊದಲನೆಯದು ಎರಡನೆಯದರ ಸುಮಾರು ನಾಲ್ಕೂವರೆ ಪಟ್ಟು. ಕುಡಿಯುವ ನೀರಿಗೆ ನಮ್ಮಲ್ಲಿರುವ ಲೀಟರಿಗೆ ನಲವತ್ತೈದು ಮಿಲಿಗ್ರಾಂ ಎಂಬ ಮಿತಿ ಮೊದಲನೆಯ ರೂಢಿಯದು. ಕೋಷ್ಟಕದ ಸಂಖ್ಯೆಗಳನ್ನು ಎರಡನೆಯ ರೂಢಿಯವೆಂದು ಹಿಡಿದು ಗುಣಿಸಿದೆ. ತಕ್ಕಡಿ ಸಮವಾಯಿತು. ಹಸಿರು ಬಾವಿಗಳೆಲ್ಲ ಮಿತಿ ದಾಟಿ ಕೆಂಪಾದವು.

ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಎದ್ದು ಹೋಗಿ ಕಾಫಿ ಮಾಡಿಕೊಂಡೆ. ಗಂಡ ಟೀವಿ ಮುಂದಿನಿಂದ ತಿರುಗಿ, "ಏನು, ಹಾಡು ಗುನುಗ್ತಾ ಇದೀಯ?" ಎಂದು ಕೇಳಿದರು. ಒಂದು ಬಾಟಲಿಯನ್ನೂ ಮುಟ್ಟದೆ ಮಾಡಿದ ನಕಾಶೆ ಬಾಟಲಿ ಹಿಡಿಯುವ ನನ್ನ ಕೈಯಲ್ಲಿ ಸೋತುಹೋಗಿತ್ತು. ಗುರುವಾರ ಒಕ್ಕೂಟದವರ ಮುಂದೆ ಅವಳ ಪ್ರಸ್ತುತಿ ಇತ್ತು. ಅವಳು ಮುಗಿಸಲಿ, ಎಲ್ಲರೂ ಚಪ್ಪಾಳೆ ತಟ್ಟಲಿ, ಆಮೇಲೆ ನಾನು ಮೆಲ್ಲಗೆ, "ಒಂದು ಸಣ್ಣ ಅನುಮಾನ," ಎಂದು ಏಳುತ್ತೇನೆ. ಏನು ಉಡಬೇಕು ಎಂಬುದನ್ನೂ ಯೋಚಿಸಿದೆ. ಹೊಸ ವರದಿಯ ಉಳಿದ ಊರುಗಳನ್ನು ತೂಗಿ ನೋಡಲಿಲ್ಲ. ಇಡೀ ಫೈಲೇ ಹಾಗಿದೆ ಎಂದು ತೀರ್ಮಾನಿಸಿ ಎಲ್ಲವನ್ನೂ ಗುಣಿಸಿಬಿಟ್ಟೆ.

ಕೈಯಲ್ಲಿ ಒಂದು ನಿಜವಾದ ಸ್ಯಾಂಪಲ್ ಇದ್ದರೆ ಇನ್ನೂ ಗಟ್ಟಿ. ಬುಧವಾರ ರಜೆ ಹಾಕಿದೆ. ಲ್ಯಾಬಿನ ಗಾಡಿ ಕೇಳಿದರೆ ಅವಳಿಗೆ ತಿಳಿಯುತ್ತದೆ ಎಂದು ಸಣ್ಣ ಐಸ್ ಬಾಕ್ಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ರೋ ಹತ್ತಿದೆ. ನಾಗಸಂದ್ರದಲ್ಲಿ ಸೆಕ್ಯೂರಿಟಿಯಾಕೆ ಬಾಕ್ಸು ತೆರೆಸಿ, "ಏನ್ ಮೇಡಂ, ಬರೀ ಖಾಲಿ ಬಾಟ್ಲು?" ಎಂದಳು. "ಬರುವಾಗ ತುಂಬಿರತ್ತೆ," ಎಂದೆ. ಊರಿನ ಆ ತುದಿಯಿಂದ ಈ ತುದಿಗೆ, ನಡುವೆ ರೈಲು ಬದಲಿಸಿ, ಬೊಮ್ಮಸಂದ್ರದಲ್ಲಿ ಇಳಿದು ಆಟೋ ಹಿಡಿದೆ.

ಕಾರ್ಖಾನೆಯ ಹಿಂಗೋಡೆಗೆ ತಾಗಿದ ವಠಾರ. ತಗಡಿನ ಮಾಡಿನ ಎರಡು ಸಾಲು ಕೋಣೆಗಳು, ಕೊನೆಯಲ್ಲಿ ಬೋರ್‌ವೆಲ್‌ನ ನಲ್ಲಿ. ಯಾದಗಿರಿ, ರಾಯಚೂರು ಕಡೆಯ ಜನ. ಹಗಲಾದ್ದರಿಂದ ಬಹುತೇಕ ಬಾಗಿಲುಗಳಿಗೆ ಬೀಗ. ನಲ್ಲಿಯ ಬಳಿ ಒಬ್ಬ ಅಜ್ಜಿ ಕೊಡ ತುಂಬಿಸುತ್ತಿದ್ದಳು.

"ನೀರ ನೋಡಾಕ ಬಂದೀರೇನ್ರಿ ಬಾಯಾರ?"

"ಹೌದಮ್ಮಾ. ಸ್ವಲ್ಪ ಹೊತ್ತು ನೀರು ಹರಿಯೋಕೆ ಬಿಡ್ಲಾ?"

"ಬಿಡ್ರಿ. ನೋಡಾಕೇನೈತಿ, ನೀರು ಭಾಳ ಚಲೋ ಐತಂತ. ಲ್ಯಾಬಿನಾವ್ರೇ ಹೇಳ್ಯಾರಂತ. ಸೋಮಾರ ಬಂದಿದ್ರಲ್ರಿ ಫ್ಯಾಕ್ಟರಿ ಸಾಹೇಬ್ರು, ಇನ್ನ ಕ್ಯಾನ್ ಬರಂಗಿಲ್ಲ, ಇದನ್ನಾ ಕುಡೀರಿ ಅಂದ್ರು."

ಕೈಯಲ್ಲಿದ್ದ ಬಾಟಲಿಯನ್ನು ತುಂಬಿಸಿ ಬಾಕ್ಸಿಗೆ ಇಟ್ಟೆ. ಕರಡು ನಕಾಶೆಯನ್ನು ಕಾರ್ಯದರ್ಶಿ ಕೇಳಿ ತರಿಸಿಕೊಂಡಿದ್ದರೆಂದು ನನಗೆ ಗೊತ್ತಿತ್ತು. ಅದನ್ನು ನೋಡಿ ಕ್ಯಾನು ನಿಲ್ಲಿಸಿಯೇಬಿಡುತ್ತಾರೆಂದು ಯಾರೂ ಎಣಿಸಿರಲಿಲ್ಲ.

ನೈಟ್ರೇಟ್ ನೋಡುವ ಕಾಗದದ ಪಟ್ಟಿಯೊಂದನ್ನು ನೀರಿಗೆ ಅದ್ದಿ ಕಾದೆ. ಬಿಳಿಯ ಚೌಕ ತಿಳಿಗುಲಾಬಿಯಾಯಿತು, ಅಲ್ಲಿಗೆ ನಿಲ್ಲದೆ ದಾಸವಾಳದ ಬಣ್ಣಕ್ಕೆ ಹೋಯಿತು. ಇನ್ನೊಂದು ಪಟ್ಟಿ ಅದ್ದಿದೆ. ಅದೂ ಅಷ್ಟೇ. ನನ್ನ ಲೆಕ್ಕ ಸರಿಯಾಗಿತ್ತು.

ಅಷ್ಟರಲ್ಲಿ ಕೋಣೆಯೊಳಗಿಂದ ಕೂಸು ಅಳುವ ಸದ್ದು. ಅಜ್ಜಿ ಕೊಡ ಬಿಟ್ಟು ಓಡಿದಳು. ನಾನೂ ಹಿಂದೆ ಹೋದೆ. ಸೀರೆಯ ತೊಟ್ಟಿಲಲ್ಲಿ ಕೆಲವೇ ತಿಂಗಳ ಮಗು. ಸ್ಟೌವಿನ ಮೇಲೆ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಪಕ್ಕದಲ್ಲಿ ಹಾಲಿನ ಪುಡಿಯ ಡಬ್ಬ, ತೊಳೆದಿಟ್ಟ ಸೀಸೆ.

"ಮಗಳು ಗಾರ್ಮೆಂಟ್ಸಿಗೆ ಹೋಗ್ಯಾಳ್ರಿ. ಸಂಜಿಮಟ ಬಾಟ್ಲಿ ಹಾಲಾ. ಹಂಗ ಕೊಡಂಗಿಲ್ರಿ ನಾ, ಖಳಾಖಳಾ ಕುದಿಸೇ ಕೊಡ್ತೀನಿ."

ಕುದಿಸಿದರೆ ರೋಗಾಣು ಸಾಯುತ್ತದೆ. ನೈಟ್ರೇಟು ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ದೊಡ್ಡವರ ದೇಹ ಹೇಗೋ ತಡೆದುಕೊಳ್ಳುತ್ತದೆ. ಹಸುಗೂಸಿನ ರಕ್ತಕ್ಕೆ ಉಸಿರು ಹೊರುವ ಶಕ್ತಿಯನ್ನೇ ಅದು ಕಸಿದುಕೊಳ್ಳಬಹುದು. ಮಗುವಿನ ತುಟಿ, ಉಗುರು ನೋಡಿದೆ. ನೀಲಿಗಟ್ಟಿರಲಿಲ್ಲ, ಕೆಂಪಗೇ ಇದ್ದವು.

"ಅಮ್ಮಾ, ಈ ನೀರಲ್ಲಿ ಮಗುವಿಗೆ ಹಾಲು ಕಲಸಬೇಡಿ. ಕುದಿಸಿದ್ರೂ ಬೇಡ," ಎಂದೆ.

"ಮತ್ತ ಚಲೋ ಐತಿ ಅಂದ್ರಲ್ರಿ?"

ಬ್ಯಾಗಿನಲ್ಲಿ ನನಗೆಂದು ತಂದಿದ್ದ ನೀರಿನ ಬಾಟಲಿ ಕೊಟ್ಟೆ. ಬೀದಿಯ ತುದಿಯ ಅಂಗಡಿಗೆ ಹೋಗಿ ಇನ್ನಷ್ಟು ತಂದುಕೊಟ್ಟೆ. ಅಂಗಡಿಯ ಮುಂದೆ ನಿಂತು ಒಂದು ನಿಮಿಷ ಯೋಚಿಸಿದೆ. ಗುರುವಾರ ಎಂದರೆ ನಾಳೆಯೇ. ಮ್ಯಾನೇಜರಿಗೆ ಫೋನು ಮಾಡಿದರೆ ತಪ್ಪು ಹಿಡಿದವಳು ನಾನು ಎಂಬುದಾದರೂ ದಾಖಲಾಗುತ್ತದೆ. ಕಾರ್ಯದರ್ಶಿಗೆ ನಾನೇ ಮಾಡಿದರೆ ಇನ್ನೂ ಚೆನ್ನ. ಆದರೆ ನಕಾಶೆಯನ್ನು ಕಳಿಸಿದವಳು ಅವಳು. ಅದನ್ನು ಹಿಂತೆಗೆದುಕೊಂಡೆ ಎಂದು ಅವಳು ಹೇಳಿದರೆ ಒಂದೇ ಮಾತಿಗೆ ಕ್ಯಾನು ವಾಪಸು ಬರುತ್ತದೆ. ನಾನು ಹೇಳಿದರೆ ಮೊದಲು ನಮ್ಮಿಬ್ಬರ ನಡುವೆ ಯಾರು ಸರಿ ಎಂಬ ವಿಚಾರಣೆ ನಡೆಯುತ್ತದೆ. ಅಷ್ಟು ಹೊತ್ತು ಆ ಸ್ಟೌವಿನ ಮೇಲೆ ಪಾತ್ರೆ ಕುದಿಯುತ್ತಲೇ ಇರುತ್ತದೆ.

ಅವಳಿಗೇ ಫೋನು ಮಾಡಿದೆ.

"ನಿನ್ನ ಹಸಿರು ಪಟ್ಟಿ ತಪ್ಪು. ನೈಟ್ರೇಟ್ ಸಾರಜನಕದ ಲೆಕ್ಕದಲ್ಲಿದೆ. ನಾನು ಅಲ್ಲೇ ಇದೀನಿ. ಸ್ಟ್ರಿಪ್ ಹಾಕಿ ನೋಡ್ದೆ. ಇಲ್ಲಿ ಕ್ಯಾನ್ ನಿಲ್ಲಿಸಿಬಿಟ್ಟಿದಾರೆ, ಮಕ್ಕಳಿಗೆ ಇದೇ ನೀರು ಕೊಡ್ತಿದಾರೆ."

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು. ಅವಳು ನನ್ನ ಮೇಲೆ ರೇಗಲಿ, ಅಥವಾ ವಾದಿಸಲಿ ಎಂದು ಒಳಗೊಳಗೇ ಆಸೆಪಟ್ಟೆ.

"ಮೂಲ ಫೈಲ್ ತೆಗೀತಿದೀನಿ, ಇರು... ಕೊನೇ ಪುಟದಲ್ಲಿ ಅಡಿಟಿಪ್ಪಣಿ ಇದೆ ಕಣೇ. ನಕ್ಷತ್ರ ಗುರುತು ಇರೋ ಸಾಲುಗಳು ಸಾರಜನಕದ ಲೆಕ್ಕ ಅಂತ ಬರೆದೇ ಇದಾರೆ. ನಾನು ಡೇಟಾ ಕ್ಲೀನ್ ಮಾಡುವಾಗ ಸಂಖ್ಯೆ ಪಕ್ಕದ ಗುರುತೆಲ್ಲಾ ಅಳಿಸಿಬಿಟ್ಟೆ. ಅಯ್ಯೋ ದೇವರೇ." ಆಮೇಲೆ, "ನೀನು ಎಲ್ಲಾ ಊರನ್ನೂ ಗುಣಿಸಿದ್ಯಾ?"

"ಹೂಂ. ಇಡೀ ಫೈಲ್."

"ಇಡೀ ಫೈಲ್ ಅಲ್ಲ. ನಕ್ಷತ್ರ ಇರೋವು ಮಾತ್ರ. ಸರ್ಜಾಪುರದ ಕಡೆಯವಕ್ಕೆ ಗುರುತಿಲ್ಲ, ಅವು ಸರಿಯಾಗೇ ಇವೆ. ಸರಿ, ನಾನು ಕಾರ್ಯದರ್ಶಿಗೆ ಫೋನ್ ಮಾಡ್ತೀನಿ. ನೀನು ಅಲ್ಲೇ ಇರು, ಬರ್ತೀನಿ."

ಅಂಗಡಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ನಾಳೆ ನಾನು ಅಂದುಕೊಂಡಂತೆ ಎದ್ದು ನಿಂತಿದ್ದರೆ, ಸರ್ಜಾಪುರದ ಕಡೆಯ ಒಳ್ಳೆಯ ಬೋರ್‌ವೆಲ್‌ಗಳನ್ನೂ ಕೆಟ್ಟವೆಂದು ಸಾರಿರುತ್ತಿದ್ದೆ. ಅಂಥ ಬೇಸಿಗೆಯಲ್ಲಿ ಇರುವ ಒಳ್ಳೆಯ ನೀರನ್ನು ಮುಚ್ಚಿಸುವುದು, ಕೆಟ್ಟ ನೀರನ್ನು ಕುಡಿಸಿದಷ್ಟೇ ದೊಡ್ಡ ಅನಾಹುತ. ಅವಳ ತಪ್ಪು ಹಿಡಿಯುವ ಅವಸರದಲ್ಲಿ ನಾನು ಅದೇ ಹಳ್ಳಕ್ಕೆ ಬೀಳುವುದರಲ್ಲಿದ್ದೆ, ಅದೂ ಚಪ್ಪಾಳೆಯ ನಡುವೆ.

ಅವಳು ಬರುವ ಮೊದಲೇ ಕ್ಯಾನುಗಳ ಗಾಡಿ ಬಂತು. ಆಮೇಲೆ ಅವಳು ಕ್ಯಾಬಿನಲ್ಲಿ ಬಂದಿಳಿದಳು, ಕಾಲಲ್ಲಿ ಆಫೀಸಿನೊಳಗೆ ಹಾಕಿಕೊಳ್ಳುವ ಚಪ್ಪಲಿಯೇ ಇತ್ತು. ಕನ್ನಡಕ ಸರಿಮಾಡಿಕೊಳ್ಳುತ್ತಾ ನನ್ನನ್ನು ನೋಡಿ ತಲೆಯಾಡಿಸಿದಳಷ್ಟೆ. ಸೀದಾ ಅಜ್ಜಿಯ ಕೋಣೆಗೆ ಹೋಗಿ ನೆಲದ ಮೇಲೆ ಕೂತಳು.

"ಅಮ್ಮಾ, ನೀರು ಚೆನ್ನಾಗಿದೆ ಅಂತ ಹೇಳಿದ್ದು ನಾನೇ. ನಾನು ತಪ್ಪು ಹೇಳಿದೆ. ಈ ನೀರು ಪಾತ್ರೆ ತೊಳೆಯೋಕೆ, ಬಟ್ಟೆಗೆ ಪರವಾಗಿಲ್ಲ. ಕುಡಿಯೋಕೆ ಬೇಡ. ಮಗುವಿಗಂತೂ ಬೇಡವೇ ಬೇಡ."

ಅಜ್ಜಿ ಅವಳನ್ನೇ ನೋಡಿದಳು. "ತಪ್ಪ ಆಗ್ತದವ್ವಾ. ಬಂದು ಹೇಳಿದ್ಯಲ್ಲ," ಎಂದಳು.

ಗೆಳತಿಯೇ ಪಕ್ಕದ ಬೀದಿಯ ಆಸ್ಪತ್ರೆಗೆ ಮಗುವನ್ನು ಕರೆದೊಯ್ದು ತೋರಿಸಿದಳು. ಏನೂ ಆಗಿಲ್ಲ ಎಂದರು ಡಾಕ್ಟರು. ಸಂಜೆ ಶಿಫ್ಟು ಮುಗಿಸಿ ಹೆಂಗಸರು ಬರತೊಡಗಿದಾಗ ಅವಳು ಪ್ರತಿ ಬಾಗಿಲಿಗೂ ಹೋದಳು. ಪ್ರತಿ ಬಾಗಿಲಲ್ಲೂ ಅದೇ ಮಾತು. "ತಪ್ಪು ನನ್ನದು." ನಾನು ಹಿಂದೆ ಸ್ಯಾಂಪಲ್ ಬಾಟಲಿ ಹಿಡಿದು ನಡೆದೆ. ತಪ್ಪೊಪ್ಪಿಕೊಳ್ಳುವುದರಲ್ಲೂ ಒಬ್ಬರು ನನಗಿಂತ ಮುಂದಿರಬಹುದೆಂದು, ಅದಕ್ಕೂ ಹೊಟ್ಟೆ ಉರಿಯಬಹುದೆಂದು ಅವತ್ತು ತಿಳಿಯಿತು.

ವಾಪಸು ಬರುವಾಗ ಕ್ಯಾಬು ಸಿಲ್ಕ್ ಬೋರ್ಡಿನ ಜಂಗುಳಿಯಲ್ಲಿ ನಿಂತಿತ್ತು. ಅವಳು ಕಿಟಕಿಯ ಕಡೆ ನೋಡುತ್ತಾ ಕೇಳಿದಳು, "ನಿನಗೆ ಯಾವಾಗ ಗೊತ್ತಾಯ್ತು?"

ಇವತ್ತು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

"ಭಾನುವಾರ," ಎಂದೆ.

ಅವಳು ಮನಸ್ಸಿನಲ್ಲೇ ದಿನ ಎಣಿಸಿದ್ದು ಗೊತ್ತಾಯಿತು. ಭಾನುವಾರ ಹೇಳಿದ್ದರೆ ಸೋಮವಾರ ಕ್ಯಾನು ನಿಲ್ಲುತ್ತಲೇ ಇರಲಿಲ್ಲ. ಅದು ಅವಳಿಗೂ ಗೊತ್ತಾಯಿತು, ನನಗೂ. ಕ್ಯಾಬು ಮಡಿವಾಳ ದಾಟಿದ ಮೇಲೆ ಅವಳು ಹೇಳಿದ್ದು ಇಷ್ಟೇ: "ಇನ್ಮೇಲೆ ಹಾಗೆ ಮಾಡ್ಬೇಡ ಕಣೇ. ನನ್ನ ಬೈಯಿ, ಆದ್ರೆ ಅವತ್ತೇ ಬೈಯಿ."

ನನ್ನ ಸ್ಯಾಂಪಲ್ಲನ್ನು ಮರುದಿನ ಬೆಳಿಗ್ಗೆ ಉಪಕರಣಕ್ಕೆ ಹಾಕಿದೆ. ಮಿತಿಯನ್ನು ಚೆನ್ನಾಗಿಯೇ ದಾಟಿತ್ತು. ಅವಳು ಪ್ರಸ್ತುತಿಯನ್ನು ಮುಂದೂಡಲು ಒಪ್ಪಲಿಲ್ಲ. ಒಕ್ಕೂಟದವರ ಮುಂದೆ ಮೊದಲ ಚಿತ್ರವಾಗಿ ತಪ್ಪು ನಕಾಶೆಯನ್ನೇ ಹಾಕಿ, ಪಕ್ಕದಲ್ಲಿ ತಿದ್ದಿದ್ದನ್ನು ಇಟ್ಟಳು. "ಅಡಿಟಿಪ್ಪಣಿ ಓದದೆ ನಾನು ಮಾಡಿದ್ದು ಎಡಗಡೆಯದು. ನನ್ನ ಸಹೋದ್ಯೋಗಿ ನೀರಿನ ಲೆಕ್ಕ ಹಾಕಿ, ಸ್ಥಳಕ್ಕೆ ಹೋಗಿ ಹಿಡಿದದ್ದು ಬಲಗಡೆಯದು," ಎಂದು ನನ್ನನ್ನು ತೋರಿಸಿದಳು. ಭಾನುವಾರದ ಮಾತು ಎತ್ತಲಿಲ್ಲ. ಕಾರ್ಯದರ್ಶಿ ನನ್ನ ಕಡೆ ಒಮ್ಮೆ ನೋಡಿ ನಕ್ಕು, ಮತ್ತೆ ಅವಳ ಕಡೆ ತಿರುಗಿದರು. "ಮೇಡಂ, ತಪ್ಪನ್ನ ಹಿಂಗೆ ಮುಂದಿಟ್ಟು ಹೇಳೋರನ್ನ ನಾನು ನೋಡೇ ಇಲ್ಲ. ಮುಂದಿನದೂ ನೀವೇ ಮಾಡ್ಬೇಕು. ವೈಟ್‌ಫೀಲ್ಡ್ ಕಡೆ ನಮ್ಮವರದ್ದೇ ಇನ್ನೊಂದು ಗುಂಪಿದೆ."

ಚಪ್ಪಾಳೆ ಬಂತು. ನಾನೂ ತಟ್ಟಿದೆ. ನನ್ನ ಕೈಗಳ ಸದ್ದು ಉಳಿದವರದ್ದಕ್ಕಿಂತ ಕಡಿಮೆ ಇರಬಾರದೆಂದು ಗಮನವಿಟ್ಟು ತಟ್ಟಿದೆ.

ಆ ಮೀಟಿಂಗಿನ ನಂತರ ಒಂದು ಕೆಲಸ ಮಾಡಿದೆ. ಗಾಜಿನ ಕೋಣೆಗೆ ಹೋಗಿ, ಅವಳು ಕೇಳದಿದ್ದರೂ, ನನ್ನ ತಲೆಯಲ್ಲಿದ್ದದ್ದನ್ನೆಲ್ಲ ಹೇಳತೊಡಗಿದೆ. ಇಂಗುಗುಂಡಿಗಳು ಎಲ್ಲೆಲ್ಲಿವೆ, ಯಾವ ಕೆರೆಯ ಕೋಡಿ ಮುಚ್ಚಿದೆ, ಯಾವ ಬಾವಿಯನ್ನು ಸರ್ಕಾರದ ವರದಿಯ ನಂತರ ಇನ್ನೂ ಆಳಕ್ಕೆ ಕೊರೆದಿದ್ದಾರೆ. ಅವಳು ಒಂದೊಂದನ್ನೂ ನಕಾಶೆಯ ಮೇಲೆ ಚುಕ್ಕಿ ಇಡುತ್ತಾ ಹೋದಳು. ಅರ್ಧಕ್ಕೆ ನಿಲ್ಲಿಸಿ, "ಇಷ್ಟೆಲ್ಲಾ ಇಟ್ಕೊಂಡು ಸುಮ್ನೆ ಕೂತಿದ್ಯಾ?" ಎಂದಳು. ಪ್ರತಿ ಬಾವಿಗೂ ತಕ್ಕಡಿಯ ಲೆಕ್ಕ ತಾನೇ ತಾನಾಗಿ ಆಗುವಂತೆ ಕೋಷ್ಟಕದಲ್ಲಿ ಒಂದು ಸೂತ್ರ ಕೂಡಿಸಿದಳು. ಯಾವುದಾದರೂ ವಾಲಿದರೆ ಆ ಸಾಲು ಬಣ್ಣ ಬದಲಿಸುತ್ತದೆ. ಅದಕ್ಕೆ ಅವಳು ನನ್ನ ಹೆಸರಿಟ್ಟಳು. ತಮಾಷೆಗೆ ಇಟ್ಟಳೋ ಪ್ರೀತಿಗೆ ಇಟ್ಟಳೋ ನಾನು ಕೇಳಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಆ ವಠಾರದ ತುದಿಯಲ್ಲಿ ಶುದ್ಧೀಕರಣ ಘಟಕ ಕೂತಿತು. ಅದರ ನೀರನ್ನು ಪರೀಕ್ಷಿಸಲು ನಾನೇ ಹೋದೆ, ಈ ಸಲ ಲ್ಯಾಬಿನ ಗಾಡಿಯಲ್ಲಿ. ಅಜ್ಜಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಕೊಡ ಹಿಡಿದು ನಿಂತಿದ್ದಳು. ಮಗು ದುಂಡಗಾಗಿತ್ತು. ನಾನು ನಕ್ಕೆ. ಅವಳೂ ನಕ್ಕಳು, ಆದರೆ ಗುರುತು ಹತ್ತಲಿಲ್ಲ.

"ಆ ಚಾಳೀಸಿನ ಬಾಯಾರು ಬರ್ಲಿಲ್ಲೇನ್ರಿ? ಅವತ್ತ ಮನಿಮನಿಗೆ ಬಂದು ಹೇಳಿದ್ರಲ್ರಿ, ಅವ್ರು?"

"ಇಲ್ಲಮ್ಮಾ, ಕನ್ನಡಕದವರು ಬರಲಿಲ್ಲ, ಇವತ್ತು ನಾನು ಬಂದೆ."

"ನೀವ್ಯಾರ್ರಿ?"

"ಅವರ ಜೊತೆ ಕೆಲಸ ಮಾಡೋಳು," ಎಂದೆ.

"ಅವ್ರಿಗೆ ಹೇಳ್ರಿ ಮತ್ತ, ಕೂಸು ಆರಾಮ್ ಐತಿ ಅಂತ. ನಗಾಕ ಹತ್ತೈತಿ ಅಂತ ಹೇಳ್ರಿ."

ಹೇಳುತ್ತೇನೆ ಎಂದು ಬಾಟಲಿ ತೊಳೆದು ತುಂಬಿಸಿಕೊಂಡು ಬಂದೆ. ಹೇಳಿದೆ ಕೂಡ. ಮರುದಿನ, ಮಧ್ಯಾಹ್ನದ ಊಟ ಮುಗಿದ ಮೇಲೆ. ಬೆಳಿಗ್ಗೆಯೇ ಹೇಳಬಹುದಿತ್ತು.